ಕೆರೆ ಗೇಟಿನ ಬೋರ್ಡಿನಲ್ಲಿ ಮೂರನೇ ಸಾಲು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಕೆರೆ ದಂಡೆಯ ಉದ್ಯಾನದ ಗೇಟಿನಿಂದ ಅರವತ್ತೆಂಟು ವರ್ಷದ ಹೆಂಗಸೊಬ್ಬರನ್ನು ವಾಪಸು ಕಳಿಸಲಾಯಿತು. ಅವರ ಬಲಗೈಯಲ್ಲಿ ಊರುಗೋಲಿತ್ತು. ಎಡ ಮೊಣಕಾಲಿನ ಕೀಲು ಬದಲಿಸಿ ಅಂದಿಗೆ ಸರಿಯಾಗಿ ಏಳು ವಾರ ಆಗಿತ್ತು.

ಇಪ್ಪತ್ತೊಂಬತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವರು ಅವರು. ಕೆಲಸದಿಂದ ನಿವೃತ್ತಿಯಾದರೂ ಬೀದಿಯವರೆಲ್ಲ ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದರು. ಜೊತೆಗೆ ಮಗ ಬಂದಿದ್ದ. ಅವನು ಬೋರ್ಡ್ ಬರೆಯುವ ಪೇಂಟರ್.

"ಅಜ್ಜಿ, ಹೊರಗಿನವರನ್ನ ಒಳಗೆ ಬಿಡಲ್ಲ. ಬೋರ್ಡ್ ನೋಡಿ," ಎಂದ ಗೇಟಿನ ಕಾವಲುಗಾರ.

"ಅಜ್ಜಿಯಂತೆ! ನಿಮ್ಮಜ್ಜಿನೂ ಹೀಗೇ ಗೇಟಲ್ಲಿ ನಿಲ್ಲಿಸ್ತೀಯೇನಪ್ಪಾ?"

"ನಮ್ಮಜ್ಜಿ ಆಗಿದ್ರೆ ಬೋರ್ಡ್ ನೋಡಿ ಸುಮ್ನೆ ವಾಪಸ್ ಹೋಗೋರು."

"ನಿಮ್ಮಜ್ಜಿಗೆ ಓದೋಕೆ ಬರುತ್ತಾ?"

"ಇಲ್ಲ."

"ಮತ್ತೆ?"

ಕಾವಲುಗಾರ ತಲೆ ಕೆರೆದುಕೊಂಡ. ಗೇಟು ಮಾತ್ರ ತೆಗೆಯಲಿಲ್ಲ.

ಗೇಟಿನ ಪಕ್ಕದ ಕಂಬದಲ್ಲಿ ಮೂರಡಿ ಅಗಲದ ಹಳದಿ ತಗಡು. ಅದರ ಮೇಲೆ ಕಪ್ಪು ಅಕ್ಷರದಲ್ಲಿ ಮೂರು ಸಾಲು: "ಉದ್ಯಾನ ನಿವಾಸಿಗಳಿಗೆ ಮಾತ್ರ. ಹೊರಗಿನವರಿಗೆ ಪ್ರವೇಶವಿಲ್ಲ. ಆದೇಶದ ಮೇರೆಗೆ."

ನಿವಾಸಿಗಳು ಎಂದರೆ ರಸ್ತೆಯ ಆಚೆ ಬದಿಯ ಏಳು ಮಹಡಿಯ ವಸತಿ ಸಮುಚ್ಚಯದವರು. ಅಲ್ಲಿ ಮುನ್ನೂರು ಮನೆಗಳಿವೆ. ಕೆರೆಯ ಸುತ್ತ ಉದ್ಯಾನ ಮಾಡಿದ್ದು ನಗರಸಭೆ. ಎಂಟು ತಿಂಗಳ ಹಿಂದೆ ಈ ಬೋರ್ಡು ಬಂದ ಮೇಲೆ ಹಿಂದಿನ ಬೀದಿಗಳ ಜನ ಒಬ್ಬೊಬ್ಬರಾಗಿ ಗೇಟಿನವರೆಗೆ ಹೋಗಿ, ಓದಿ, ತಿರುಗಿ ಬಂದಿದ್ದರು. ಆಮೇಲೆ ಬರುವುದನ್ನೇ ಬಿಟ್ಟಿದ್ದರು.

"ಬಾ ಅಮ್ಮ, ಹೋಗೋಣ," ಎಂದ ಪೇಂಟರ್. "ಬೋರ್ಡೇ ಇದೆಯಲ್ಲ. ಜಗಳ ಯಾಕೆ?"

ಅವನ ಆತುರಕ್ಕೆ ಎರಡು ಕಾರಣಗಳಿದ್ದವು. ಒಂದು, ಆ ಸಮುಚ್ಚಯದ ಬಾಗಿಲುಗಳಿಗೆ ನಂಬರ್ ಬರೆಯುವ ಕೆಲಸ ಅವನ ಕೈಯಲ್ಲಿತ್ತು. ನೂರ ಅರವತ್ತನೇ ಬಾಗಿಲಿನವರೆಗೆ ಮುಗಿದಿತ್ತು. ಎರಡನೆಯ ಕಾರಣ ಆ ಹಳದಿ ತಗಡು. ಅದನ್ನು ಬರೆದವನೂ ಅವನೇ. ಅದನ್ನು ಮನೆಯಲ್ಲಿ ಹೇಳಿರಲಿಲ್ಲ. ಬರೆದಾಗ ಹೇಳುವಂಥ ವಿಷಯವಾಗಿರಲಿಲ್ಲ. ಈಗ ಹೇಳಲು ಬಾಯಿ ಬರಲಿಲ್ಲ.

ಅವರ ಮನೆಗೆ ಎರಡು ಕೋಣೆ. ಮುಂದಿನದು ಅಂಗಡಿ. ಗೋಡೆಗೆ ಒರಗಿಸಿದ ತಗಡುಗಳು, ಡಬ್ಬಿಗಳಲ್ಲಿ ಬ್ರಷ್ಷುಗಳು, ಸದಾ ಟರ್ಪೆಂಟೈನ್ ವಾಸನೆ. ಹಿಂದಿನ ಕೋಣೆಯಲ್ಲಿ ಅಡುಗೆ, ಮಂಚ, ಬಟ್ಟೆಯ ಬೀರು. ಈ ತುದಿಯಿಂದ ಆ ತುದಿಗೆ ಕಂಡಕ್ಟರಮ್ಮನ ಲೆಕ್ಕದಲ್ಲಿ ಒಂಬತ್ತು ಹೆಜ್ಜೆ. ಹತ್ತನೆಯದಕ್ಕೆ ಗೋಡೆ.

ಹೊರಗೆ ಬೀದಿ ಇಳಿಜಾರು. ಚರಂಡಿಯ ಮೇಲಿನ ಚಪ್ಪಡಿಗಳಲ್ಲಿ ಅರ್ಧದಷ್ಟು ಒಡೆದಿದ್ದವು. ಹಿಂದಿನ ಮಂಗಳವಾರ ಎರಡು ಚಪ್ಪಡಿಗಳ ನಡುವೆ ಊರುಗೋಲು ಸಿಕ್ಕಿಕೊಂಡು ಕಂಡಕ್ಟರಮ್ಮ ಮುಗ್ಗರಿಸಿದ್ದರು. ಸೊಸೆ ಹಿಡಿದುಕೊಂಡಿದ್ದರಿಂದ ಬಚಾವಾದರು. ಆಸ್ಪತ್ರೆಯ ಫಿಸಿಯೋ ಡಾಕ್ಟರು ಹೇಳಿದ್ದು ಸ್ಪಷ್ಟವಾಗಿತ್ತು. ಮೊಣಕಾಲು ಸದ್ಯಕ್ಕೆ ಎಂಬತ್ತನಾಲ್ಕು ಡಿಗ್ರಿ ಬಗ್ಗುತ್ತಿದೆ, ಇದು ಸಾಲದು. ವ್ಯಾಯಾಮದ ಜೊತೆಗೆ ಸಮತಟ್ಟಾದ ನೆಲದ ಮೇಲೆ ದಿನಕ್ಕೆ ಎರಡು ಹೊತ್ತು ನಡೆಯಬೇಕು. ಮೊದಲ ಮೂರು ತಿಂಗಳಲ್ಲಿ ಕಾಲು ಪಳಗಿದಷ್ಟು ಸುಲಭವಾಗಿ ಆಮೇಲೆ ಪಳಗುವುದಿಲ್ಲ. ಆಗಲೇ ಏಳು ವಾರ ಕಳೆದಿತ್ತು, ಉಳಿದದ್ದು ಐದು. ಆ ಸುತ್ತಿನಲ್ಲಿ ಸಮತಟ್ಟಾದ ನೆಲ ಇದ್ದದ್ದು ಕೆರೆಯ ದಂಡೆಯಲ್ಲಿ ಮಾತ್ರ.

ಬೆಳಿಗ್ಗೆ ಎಂಟಕ್ಕೆ ನರ್ಸಕ್ಕ ಬಂದರು. ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ ಅವರ ಕೆಲಸ. ಡ್ಯೂಟಿಗೆ ಹೋಗುವ ದಾರಿಯಲ್ಲಿ ಹೊಲಿಗೆ ಹಾಕಿದ ಜಾಗ ನೋಡಿಕೊಂಡು ಹೋಗುತ್ತಿದ್ದರು.

"ಏನು ಕಂಡಕ್ಟರಮ್ಮ, ಕೆರೆ ಹೇಗಿತ್ತು?"

"ಗೇಟಿನ ಸಂದಿಯಿಂದ ನೋಡಿದೆ. ಚೆನ್ನಾಗಿತ್ತು."

"ಅಂದ್ರೆ?"

"ನಾನು ಹೊರಗಿನವಳಂತೆ. ಈ ಊರಲ್ಲಿ ಇಪ್ಪತ್ತೊಂಬತ್ತು ವರ್ಷ ಓಡಾಡಿದ್ದೀನಿ, ನಾನು ಕಾಣದ ರಸ್ತೆ ಒಂದಿಲ್ಲ. ಈಗ ಹೊರಗಿನವಳು!"

ನರ್ಸಕ್ಕ ಪೇಂಟರ್ ಕಡೆ ತಿರುಗಿದರು. "ನೀನಿದ್ದೆಯಲ್ಲ ತಮ್ಮ, ಏನು ಕೇಳಿದೆ?"

"ಕೇಳೋದೇನು ನರ್ಸಕ್ಕ? ಬೋರ್ಡ್ ಹಾಕಿದ್ದಾರೆ. ಆದೇಶ ಇದೆ. ದೊಡ್ಡವರ ಹತ್ರ ನಾವು ಗುದ್ದಾಡೋಕಾಗುತ್ತಾ? ಮನೆಯಲ್ಲೇ ನಡೆದ್ರಾಯ್ತು."

"ಒಂಬತ್ತು ಹೆಜ್ಜೆಗೊಂದು ಸಲ ತಿರುಗ್ತಾ? ಪ್ರತಿ ತಿರುವಲ್ಲೂ ಮೊಣಕಾಲು ತಿರುಚಿಕೊಳ್ಳುತ್ತೆ. ಅದು ನಡಿಗೆಯಲ್ಲ. ಇರಲಿ, ಆದೇಶ ಇದೆ ಅಂದೆಯಲ್ಲ, ಯಾರ ಆದೇಶ?"

"ಬೋರ್ಡಲ್ಲಿದೆ."

"ಬೋರ್ಡು ತಗಡು. ತಗಡು ಆದೇಶ ಕೊಡಲ್ಲ. ಯಾರು ಕೊಟ್ಟರು, ಯಾವ ತಾರೀಖು, ನಂಬರ್ ಎಷ್ಟು? ಆ ಉದ್ಯಾನ ನಗರಸಭೆಯದು, ಊರವರ ತೆರಿಗೆಯಲ್ಲಿ ಕಟ್ಟಿದ್ದು. ಅಲ್ಲಿಗೆ ಜನ ಬರಬಾರದು ಅನ್ನೋಕೆ ಕಾಗದ ಬೇಕು. ಕಾಗದ ಇದ್ರೆ ನೋಡೋಣ, ಅದನ್ನೂ ಪ್ರಶ್ನೆ ಮಾಡಬಹುದು. ಕಾಗದವೇ ಇಲ್ಲದಿದ್ರೆ?"

ಪೇಂಟರ್ ಕೈಯಲ್ಲಿದ್ದ ಬ್ರಷ್ಷನ್ನು ಒರೆಸಿದ. ಆಗಲೇ ಒರೆಸಿದ್ದ ಬ್ರಷ್ಷನ್ನು ಮತ್ತೆ ಒರೆಸಿದ.

"ಇಲ್ಲ," ಎಂದ ಕೊನೆಗೆ.

"ಏನಿಲ್ಲ?"

"ಕಾಗದ ಇಲ್ಲ. ಇದ್ದ ಹಾಗೆ ಕಾಣಲ್ಲ. ಆ ಬೋರ್ಡು ನಾನೇ ಬರೆದದ್ದು."

ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಸೊಸೆ ಬಾಗಿಲಿಗೆ ಬಂದು ನಿಂತಳು.

ನಡೆದದ್ದು ಇಷ್ಟು. ಸಮುಚ್ಚಯದ ಸಂಘದವರು ಚೀಟಿಯಲ್ಲಿ ಬರೆದುಕೊಟ್ಟದ್ದು ಎರಡೇ ಸಾಲು. ಎರಡು ಸಾಲು ಬರೆದ ಮೇಲೆ ತಗಡಿನ ಕೆಳಗೆ ಒಂದು ಗೇಣು ಜಾಗ ಖಾಲಿ ಉಳಿಯಿತು. ಅವನಿಗೆ ಕೆಲಸ ಕಲಿಸಿದ ಹಿರಿಯ ಪೇಂಟರ್ ಒಂದು ಮಾತು ತಲೆಗೆ ತುಂಬಿದ್ದ. ಅಕ್ಷರವೆಲ್ಲ ಮೇಲೆ ಕೂತು ಕೆಳಗೆ ಖಾಲಿ ಬಿಟ್ಟರೆ ಬೋರ್ಡು ತಲೆ ಭಾರವಾಗಿ ಕಾಣುತ್ತದೆ. ಆದ್ದರಿಂದ ಬೇಡ, ಬಾರದು, ಇಲ್ಲ ಎನ್ನುವ ಬೋರ್ಡುಗಳ ತಳಕ್ಕೆಲ್ಲ "ಆದೇಶದ ಮೇರೆಗೆ" ಎಂದು ಬರೆಯುವುದು ಇವರ ರೂಢಿ. ಗಿರಾಕಿ ಕೇಳುವುದಿಲ್ಲ. ಕೇಳದೆ ಬಂದದ್ದಕ್ಕೆ ಬೇಡ ಎನ್ನುವುದೂ ಇಲ್ಲ. ನೋಡಲು ಗತ್ತಾಗಿರುತ್ತದೆ.

"ಜಾಗ ಖಾಲಿ ಇತ್ತು," ಎಂದ ಪೇಂಟರ್. "ತುಂಬಿಸಿದೆ. ಅಷ್ಟೆ."

ಕಂಡಕ್ಟರಮ್ಮ ಮಗನ ಮುಖವನ್ನೇ ನೋಡಿದರು. ಆಮೇಲೆ ನಕ್ಕರು. ಊರುಗೋಲು ಕೈಜಾರುವಷ್ಟು ನಕ್ಕರು. ನರ್ಸಕ್ಕ ಭುಜ ಹಿಡಿದು ಕೂರಿಸಬೇಕಾಯಿತು.

"ಎಂಟು ತಿಂಗಳಿಂದ ಊರನ್ನ ಹೆದರಿಸ್ತಿರೋ ಸರ್ಕಾರ ನೀನೇನೋ? ನನ್ನ ಹೊಟ್ಟೇಲಿ ಹುಟ್ಟಿದ ಸರ್ಕಾರ!"

"ಅಮ್ಮ, ನಗಬೇಡ."

"ಇನ್ನೆಲ್ಲೆಲ್ಲಿ ಬರೆದಿದ್ದೀಯ?"

"ಗಾಡಿ ನಿಲ್ಲಿಸಬಾರದು, ಪೋಸ್ಟರ್ ಅಂಟಿಸಬಾರದು, ಹೂ ಕೀಳಬಾರದು... ಬೇಕಾದಷ್ಟು."

"ರೀ, ಆಸ್ಪತ್ರೆಯಲ್ಲಿ ಅತ್ತೆ ಕಾಲಿಗೆ ಕೀಲು ಹಾಕಿದ್ರು, ಮಗ ಗೇಟಿಗೆ ಬೀಗ ಹಾಕಿದ," ಎಂದಳು ಸೊಸೆ. "ಇಬ್ಬರದೂ ಕೈಗುಣ ಚೆನ್ನಾಗಿದೆ."

ಪೇಂಟರ್‌ಗೆ ನಗು ಬರಲಿಲ್ಲ. "ಸರಿ, ಇಲ್ಲ ಅಂತಾನೇ ಇಟ್ಕೊಳ್ಳಿ. ಹೋಗಿ ಕೇಳಿದ್ರೆ ಏನಾಗುತ್ತೆ? ನಂಬರ್ ಬರೆಯೋ ಕೆಲಸ ಹೋಗುತ್ತೆ. ಬೋರ್ಡು ಅಲ್ಲೇ ಇರುತ್ತೆ. ಬಡವರ ಕಾಗದ ಯಾವ ಕಚೇರೀಲಿ ಓದ್ತಾರೆ?"

"ಅದಕ್ಕೇ ಬಾಯಲ್ಲಿ ಕೇಳಬಾರದು," ಎಂದರು ನರ್ಸಕ್ಕ. "ಬರೆದು ಕೇಳಬೇಕು. ಬರೆದು ಕೊಟ್ಟ ಮೇಲೆ ಕೊಟ್ಟಿದ್ದಕ್ಕೆ ರಸೀದಿ ತಗೋಬೇಕು. ನಮ್ಮ ಕೇಂದ್ರಕ್ಕೆ ನೀರಿನ ಕನೆಕ್ಷನ್ ಬಂದದ್ದು ಹಾಗೇನೇ. ಮೂರು ವರ್ಷ ಬಾಯಲ್ಲಿ ಕೇಳಿದೆವು, ಆಗಲಿಲ್ಲ. ಒಂದು ಕಾಗದ ಕೊಟ್ಟು ಸೀಲು ಹಾಕಿಸಿಕೊಂಡೆವು, ಎರಡು ತಿಂಗಳಲ್ಲಿ ಆಯ್ತು."

"ನಡಿ," ಎಂದು ಕಂಡಕ್ಟರಮ್ಮ ಊರುಗೋಲು ಎತ್ತಿಕೊಂಡರು. "ಇವತ್ತೇ."

ನಗರಸಭೆಯ ಉದ್ಯಾನ ವಿಭಾಗ ಮೊದಲ ಮಹಡಿಯಲ್ಲಿತ್ತು. ಇಪ್ಪತ್ತೆರಡು ಮೆಟ್ಟಿಲು. ಅರ್ಜಿ ತೆಗೆದುಕೊಳ್ಳುವ ಕಿಟಕಿ ಕೆಳಗೇ ಇದೆ ಎಂಬುದು ನರ್ಸಕ್ಕನಿಗೆ ಗೊತ್ತಿತ್ತು. ಅವರು ಅಂದು ಅರ್ಧ ದಿನ ರಜೆ ಹಾಕಿದ್ದರು. ಬೆಂಚಿನ ಮೇಲೆ ಕೂತು ಕಂಡಕ್ಟರಮ್ಮ ಹೇಳಿದರು, ಮಗ ಬರೆದ. ಬೋರ್ಡ್ ಬರೆಯುವ ಕೈ ಆದ್ದರಿಂದ ಅಕ್ಷರ ಮುತ್ತಿನ ಹಾಗಿತ್ತು.

ಅರ್ಜಿಯಲ್ಲಿ ಅಳಲು ಇರಲಿಲ್ಲ, ಬೈಗುಳವೂ ಇರಲಿಲ್ಲ. ಪ್ರಶ್ನೆಗಳು ಮೂರು. ಕೆರೆ ದಂಡೆಯ ಉದ್ಯಾನ ಯಾರದು? ಅಲ್ಲಿಗೆ ಸಾರ್ವಜನಿಕರು ಹೋಗಬಾರದೆಂದು ಆದೇಶವೇನಾದರೂ ಇದೆಯೇ? ಇದ್ದರೆ ಅದರ ಪ್ರತಿ ಕೊಡುವಿರಾ? ಕೆಳಗೆ ಹೆಸರು, ವಿಳಾಸ, ಸಹಿ.

ಕಿಟಕಿಯ ಗುಮಾಸ್ತ ಕಾಗದವನ್ನು ಟ್ರೇಗೆ ಹಾಕಿದ. "ಇಟ್ಟು ಹೋಗಿ. ನೋಡೋಣ."

"ಇಟ್ಟು ಹೋಗಲ್ಲ," ಎಂದರು ಕಂಡಕ್ಟರಮ್ಮ. "ಇನ್ನೊಂದು ಪ್ರತಿ ಇದೆ. ಅದರ ಮೇಲೆ ಸೀಲು, ತಾರೀಖು, ನಂಬರ್ ಹಾಕಿ ಕೊಡಿ."

"ಒಂದು ಸಣ್ಣ ಅರ್ಜಿಗೆ ಇಷ್ಟೆಲ್ಲ ಯಾಕಮ್ಮ?"

"ನೋಡಪ್ಪಾ, ಇಪ್ಪತ್ತೊಂಬತ್ತು ವರ್ಷ ನನ್ನ ಬಸ್ಸಲ್ಲಿ ಒಬ್ಬರನ್ನೂ ಟಿಕೆಟ್ ಇಲ್ಲದೆ ಕೂರಿಸಿಲ್ಲ. ನನ್ನ ಅರ್ಜಿನೂ ನಿಮ್ಮ ಟ್ರೇಯಲ್ಲಿ ಟಿಕೆಟ್ ಇಲ್ಲದೆ ಕೂರಲ್ಲ."

ಸಾಲಿನಲ್ಲಿ ಹಿಂದೆ ನಿಂತಿದ್ದವರು ನಕ್ಕರು. ಗುಮಾಸ್ತನೂ ನಕ್ಕ. ಸೀಲು ಬಿತ್ತು. ಅದನ್ನು ನೋಡಿ, ಹಿಂದೆ ನಿಂತಿದ್ದ ಇಬ್ಬರು ತಮ್ಮ ಅರ್ಜಿಗೂ ಸೀಲು ಕೇಳಿದರು.

ಒಂದು ವಾರ ಕಾಗದ ಬರಲಿಲ್ಲ. ಕಂಡಕ್ಟರಮ್ಮ ಒಂಬತ್ತು ಹೆಜ್ಜೆ ನಡೆದರು, ತಿರುಗಿದರು, ಒಂಬತ್ತು ಹೆಜ್ಜೆ ನಡೆದರು. ಸಂಜೆಯ ಹೊತ್ತಿಗೆ ಮೊಣಕಾಲು ಊದಿ ಬಿಸಿಯಾಗುತ್ತಿತ್ತು. ಸೊಸೆ ಬಟ್ಟೆಯಲ್ಲಿ ಐಸ್ ಸುತ್ತಿ ಇಡುತ್ತಿದ್ದಳು. ಪೇಂಟರ್ ಸಮುಚ್ಚಯದ ಕೆಲಸಕ್ಕೆ ಹೋಗುವಾಗ ಮುಖ್ಯ ಗೇಟು ಬಿಟ್ಟು ಹಿಂದಿನ ದಾರಿ ಹಿಡಿಯುತ್ತಿದ್ದ. ಮುಂದಿನ ದಾರಿಯಲ್ಲಿ ಆ ಹಳದಿ ತಗಡು ಕಾಣುತ್ತಿತ್ತು.

"ಹೇಳಿದ್ನಲ್ಲ, ಉತ್ತರ ಬರಲ್ಲ ಅಂತ," ಎಂದ ಎಂಟನೇ ದಿನ.

ನರ್ಸಕ್ಕ ಸೀಲಿನ ಪಕ್ಕದ ನಂಬರ್ ಓದಿ ಕಚೇರಿಗೆ ಫೋನ್ ಮಾಡಿದರು. "ಕಡತ ಯಾರ ಮೇಜಿನ ಮೇಲಿದೆ?" ಎಂದಷ್ಟೇ ಕೇಳಿದರು. ಮರುದಿನ ಮಧ್ಯಾಹ್ನ ಕಾಗದ ಬಂತು.

ಒಂದೇ ಪುಟ. ಉದ್ಯಾನ ನಗರಸಭೆಯ ಸ್ವತ್ತು, ಎಲ್ಲ ಸಾರ್ವಜನಿಕರಿಗೂ ಮುಕ್ತ. ಪ್ರವೇಶ ನಿರ್ಬಂಧಿಸಿ ಇಂದಿನವರೆಗೆ ಯಾವ ಆದೇಶವನ್ನೂ ಹೊರಡಿಸಿಲ್ಲ. ವಸತಿ ಸಂಘಕ್ಕೆ ಅನುಮತಿ ಕೊಟ್ಟಿರುವುದು ಕಸ ಗುಡಿಸುವುದಕ್ಕೆ ಮತ್ತು ಗಿಡಗಳಿಗೆ ನೀರು ಹಾಕುವುದಕ್ಕೆ ಮಾತ್ರ. ಕೆಳಗೆ ಅಧಿಕಾರಿಯ ಸಹಿ, ಮೊಹರು.

ಕಂಡಕ್ಟರಮ್ಮ ಅದನ್ನು ಎರಡು ಸಲ ಓದಿಸಿದರು. ನರ್ಸಕ್ಕ ಮೂರು ಜೆರಾಕ್ಸ್ ಮಾಡಿಸಿದರು. ಆಮೇಲೆ ಅಂಗಡಿಯಲ್ಲಿ ಸೇರಿದ್ದ ಬೀದಿಯವರಿಗೆ ಹೇಳಿದರು, "ಗಲಾಟೆ ಬೇಡ. ಗೇಟು ಮುರಿಯೋದು ಬೇಡ. ಕಾವಲುಗಾರನ ಮೇಲೆ ರೇಗಬೇಡಿ, ಅವನೂ ನಮ್ಮ ಹಾಗೆ ಸಂಬಳಕ್ಕೆ ದುಡಿಯೋನು. ಕಾಗದ ತೋರಿಸೋದು, ಒಳಗೆ ಹೋಗೋದು. ಒಬ್ಬರೇ ಹೋಗಬಾರದು. ಒಬ್ಬರಾದ್ರೆ ಓಡಿಸ್ತಾರೆ."

"ನಾನು ಬರಲ್ಲ," ಎಂದ ಪೇಂಟರ್. "ಇನ್ನೂ ತೊಂಬತ್ತೆರಡು ಬಾಗಿಲು ಉಳಿದಿವೆ."

"ಬರಬೇಡ," ಎಂದರು ಕಂಡಕ್ಟರಮ್ಮ. "ನಿನ್ನ ಸಾಲು ಅಲ್ಲೇ ನಿಂತಿದೆಯಲ್ಲ. ನಿನ್ನ ಪರವಾಗಿ ಅದೇ ಮಾತಾಡುತ್ತೆ."

ಮರುದಿನ ಬೆಳಿಗ್ಗೆ ಐದೂವರೆಗೆ ಎಲ್ಲರಿಗಿಂತ ಮೊದಲು ಎದ್ದು ಹಳದಿ ಬಣ್ಣದ ಡಬ್ಬಿ ಅಲುಗಾಡಿಸುತ್ತಿದ್ದವನು ಅವನೇ.

ಆರು ಗಂಟೆಗೆ ಗೇಟಿನ ಮುಂದೆ ಹನ್ನೊಂದು ಜನ ಸೇರಿದ್ದರು. ಕಾವಲುಗಾರ ಕಾಗದ ಓದಿದ. ಓದಿ, "ನನಗೆ ಸಂಬಳ ಕೊಡೋದು ಸಂಘ. ಸೆಕ್ರೆಟರಿ ಸಾಹೇಬ್ರನ್ನ ಕರೀತೀನಿ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಸಂಘದ ಕಾರ್ಯದರ್ಶಿ ಬಿಳಿ ಬೂಟು ಹಾಕಿಕೊಂಡು ವಾಕಿಂಗ್‌ಗೆಂದೇ ಬರುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಆಯ್ಕೆಯಾದವರು. ಕಾಗದವನ್ನು ಪೂರ್ತಿ ಓದಿದರು, ಮಡಚಿದರು, ವಾಪಸು ಕೊಟ್ಟರು.

"ನಿಮ್ಮ ಕಾಗದ ನಿಮ್ಮ ಹತ್ರ ಇರಲಿ. ನಮಗೆ ಆದೇಶ ಇದೆ."

"ಎಲ್ಲಿದೆ ಸಾರ್?" ಎಂದರು ನರ್ಸಕ್ಕ.

"ಹಿಂದಿನ ಸೆಕ್ರೆಟರಿ ಹತ್ರ ಇರಬೇಕು."

"ನಂಬರ್?"

"ಅದೆಲ್ಲ ನನಗೆ ನೆನಪಿರುತ್ತಾ? ಬೋರ್ಡ್ ನೋಡಿ, ಬರೆದಿದೆಯಲ್ಲ. ಆದೇಶ ಇಲ್ಲದೆ ಯಾರಾದರೂ ಹಾಗೆ ಬರೀತಾರಾ?"

"ಬರೀತಾರೆ ಸಾರ್."

ಎಲ್ಲರೂ ತಿರುಗಿ ನೋಡಿದರು. ಪೇಂಟರ್ ಹಿಂದಿನಿಂದ ಮುಂದೆ ಬಂದ. ಕೈಯಲ್ಲಿ ಡಬ್ಬಿ, ಬ್ರಷ್ಷು.

"ಬೋರ್ಡ್ ಬರೆದವನು ನಾನು. ನಿಮ್ಮವರು ಕೊಟ್ಟದ್ದು ಎರಡು ಸಾಲು. ಮೂರನೇದು ನಂದು. ಕೆಳಗೆ ಜಾಗ ಖಾಲಿ ಇತ್ತು, ನೋಡೋಕೆ ಚೆನ್ನಾಗಿರಲಿ ಅಂತ ಬರೆದೆ. ಆ ಆದೇಶ ಕೊಟ್ಟವರು ಯಾರೂ ಇಲ್ಲ. ನನ್ನ ಬ್ರಷ್ಷು ಕೊಟ್ಟ ಆದೇಶ ಅದು."

ಕಾರ್ಯದರ್ಶಿ ಬೋರ್ಡಿನ ಕಡೆ ನೋಡಿದರು, ಅವನ ಕಡೆ ನೋಡಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ನಾಲ್ಕು ತಿಂಗಳಿಂದ ಅವರೂ ಆ ಸಾಲನ್ನು ನಂಬಿದ್ದರು.

"ಅಣ್ಣಾ," ಎಂದ ಕಾವಲುಗಾರ ನಿಧಾನವಾಗಿ, "ಹಾಗಾದ್ರೆ ಎಂಟು ತಿಂಗಳಿಂದ ನಾನು ನಿಮ್ಮ ಮಾತು ಕೇಳ್ಕೊಂಡು ಜನಾನ ಓಡಿಸ್ತಿದ್ನಾ?"

"ಹೌದಪ್ಪಾ. ನಮ್ಮಮ್ಮನ್ನೂ ಸೇರಿಸಿ."

ಕಾರ್ಯದರ್ಶಿ ಬೇಗನೆ ಸುಧಾರಿಸಿಕೊಂಡರು. "ಆದೇಶದ ಮಾತು ಬಿಡಿ. ಎಲ್ಲರನ್ನೂ ಬಿಟ್ಟರೆ ಇಲ್ಲಿ ಏನಾಗುತ್ತೆ ಗೊತ್ತಾ? ಪ್ಲಾಸ್ಟಿಕ್ಕು, ಉಗುಳು, ಗಲೀಜು. ಗುಡಿಸೋರು ನಾವು."

"ಗುಡಿಸ್ತೀರಿ, ಒಪ್ಪಿದೆ. ಒಳ್ಳೆ ಕೆಲಸ," ಎಂದರು ಕಂಡಕ್ಟರಮ್ಮ. "ಗಲೀಜು ಮಾಡಿದವನನ್ನ ಹಿಡೀರಿ, ನಾನೂ ಬಂದು ಕೊರಳಪಟ್ಟಿ ಹಿಡೀತೀನಿ. ಬರೋರನ್ನೆಲ್ಲ ಯಾಕೆ ಹಿಡೀತೀರಿ? ನನ್ನ ಬಸ್ಸಲ್ಲಿ ದಿನಕ್ಕೊಬ್ಬ ಉಗುಳೋನು. ಅದಕ್ಕೆ ಬಸ್ಸನ್ನ ಖಾಲಿ ಓಡಿಸಿದ್ದೀನಾ?"

"ನಾನು ಪೊಲೀಸರಿಗೆ ಫೋನ್ ಮಾಡ್ತೀನಿ."

"ಮಾಡಿ ಸಾರ್," ಎಂದರು ನರ್ಸಕ್ಕ. "ಅವರಿಗೂ ಒಂದು ಜೆರಾಕ್ಸ್ ಇಟ್ಟಿದ್ದೀವಿ. ಅವರು ಬರೋವರೆಗೆ ನಾವು ಒಳಗೆ ನಡೀತಾ ಇರ್ತೀವಿ."

ಕಾರ್ಯದರ್ಶಿ ಫೋನ್ ತೆಗೆದರು. ಪರದೆ ನೋಡಿದರು. ಮತ್ತೆ ಜೇಬಿಗೆ ಹಾಕಿದರು. ಸಿಟ್ಟು ಪೇಂಟರ್ ಕಡೆ ತಿರುಗಿತು.

"ನೀನು ಸೋಮವಾರದಿಂದ ಕೆಲಸಕ್ಕೆ ಬರಬೇಡ."

ಅವನು ಹತ್ತು ದಿನದಿಂದ ಹೆದರುತ್ತಿದ್ದ ಮಾತು ಅದು. ಕಿವಿಗೆ ಬಿದ್ದ ಮೇಲೆ ನೋಡಿದರೆ ಅಷ್ಟು ದೊಡ್ಡದಾಗಿರಲಿಲ್ಲ.

"ಆಗಲಿ ಸಾರ್. ಇನ್ನೂರ ಎಂಟರವರೆಗೆ ಬರೆದಿದ್ದೀನಿ. ಮುಂದಿನದಕ್ಕೆ ಬೇರೆಯವರನ್ನ ಕರೀರಿ. ಒಂದೇ ಮಾತು, ಕೇಳಿದ್ದಷ್ಟೇ ಬರೆಯೋನನ್ನ ಕರೀರಿ."

ಅವನು ಕಂಬದ ಹತ್ತಿರ ಹೋದ. ಡಬ್ಬಿಯ ಮುಚ್ಚಳ ತೆಗೆದ. ಮೇಲಿನ ಎರಡು ಸಾಲುಗಳನ್ನು ಮುಟ್ಟಲಿಲ್ಲ. ಅವು ಸಂಘದವು, ಅವನ್ನು ತೆಗೆಸುವುದು ನಗರಸಭೆಯ ಕೆಲಸ ಎಂದು ನರ್ಸಕ್ಕ ಮೊದಲೇ ಹೇಳಿದ್ದರು. ತನ್ನ ಸಾಲಿನ ಮೇಲೆ ಮಾತ್ರ ಎಡದಿಂದ ಬಲಕ್ಕೆ ಹಳದಿ ಎಳೆದ. ಒಂದು ಕೋಟು ಹಚ್ಚಿದ ಮೇಲೂ ಕಪ್ಪು ಮಸುಕಾಗಿ ಕಂಡಿತು. ಇನ್ನೊಂದು ಕೋಟು ಹಚ್ಚಿದ. ತಗಡಿನ ಕೆಳಗೆ ಒಂದು ಗೇಣು ಜಾಗ ಖಾಲಿಯಾಯಿತು.

ಕಾವಲುಗಾರ ಗೇಟಿನ ಅಗುಳಿ ಸರಿಸಿದ. ಅವನಿಗೆ ಯಾರೂ ಹೇಳಲಿಲ್ಲ. ಕಾರ್ಯದರ್ಶಿ ತಡೆಯಲೂ ಇಲ್ಲ.

ಕಂಡಕ್ಟರಮ್ಮ ಮೊದಲು ಊರುಗೋಲು ಇಟ್ಟರು, ಆಮೇಲೆ ಎಡಗಾಲು, ಆಮೇಲೆ ಬಲಗಾಲು. ಒಳಗೆ ಹೋಗಿ ನಾಲ್ಕು ಹೆಜ್ಜೆ ನಡೆದು ತಿರುಗಿ ನೋಡಿದರೆ ಉಳಿದವರು ಗೇಟಿನ ಹೊರಗೇ ನಿಂತಿದ್ದರು. ಎಂಟು ತಿಂಗಳ ಅಭ್ಯಾಸ. ತೆರೆದ ಗೇಟಿನ ಮುಂದೆಯೂ ಕಾಲು ಏಳುತ್ತಿರಲಿಲ್ಲ.

ಆಗ ಆ ಬೀದಿಯ ಜನ ಬಹಳ ವರ್ಷಗಳಿಂದ ಕೇಳದ ದನಿಯೊಂದು ಎದ್ದಿತು.

"ಏನ್ ನೋಡ್ತಾ ನಿಂತಿದ್ದೀರಿ? ಬಾಗಿಲಲ್ಲಿ ನಿಲ್ಲಬೇಡಿ! ಒಳಗೆ ಬನ್ನಿ, ಒಳಗೆ ಬನ್ನಿ, ಮುಂದೆ ಜಾಗ ಇದೆ!"

ಹತ್ತೂ ಜನ ನಗುತ್ತ ಒಳಗೆ ನುಗ್ಗಿದರು. ನೀರಿನ ಅಂಚಿನಲ್ಲಿದ್ದ ನೀರುಕೋಳಿಗಳು ಗಾಬರಿಯಾಗಿ ಜೊಂಡಿನೊಳಗೆ ಸೇರಿಕೊಂಡವು.

ಕೆರೆಯ ಸುತ್ತಿನ ದಾರಿ ಆರುನೂರ ನಲವತ್ತು ಮೀಟರ್. ಗಟ್ಟಿ ಮಣ್ಣು, ಏರಿಲ್ಲ, ಇಳಿವಿಲ್ಲ. ಕಂಡಕ್ಟರಮ್ಮ ಎರಡು ಬೆಂಚುಗಳಲ್ಲಿ ಕೂತು ಎದ್ದು ಮೂವತ್ತನಾಲ್ಕು ನಿಮಿಷದಲ್ಲಿ ಒಂದು ಸುತ್ತು ಮುಗಿಸಿದರು. ಮಗ ಪಕ್ಕದಲ್ಲೇ ನಡೆದ. ಹಿಡಿದುಕೊಳ್ಳಲು ಕೈ ಚಾಚಿದಾಗ, "ಬಣ್ಣದ ಕೈ, ಸೀರೆಗೆ ಹತ್ತುತ್ತೆ, ದೂರ ಇರು," ಎಂದರು.

"ಅಮ್ಮ, ಕೋಪ ಹೋಯ್ತಾ?"

"ಯಾರ ಮೇಲೆ?"

"ನನ್ನ ಮೇಲೆ."

"ನಿನ್ನ ಮೇಲೆ ಕೋಪ ಇಲ್ಲ ಕಣೋ. ನನ್ನ ಮೇಲೇ ನನಗೆ ಕೋಪ. ಅಷ್ಟು ವರ್ಷ ಎಲ್ಲರ ಟಿಕೆಟ್ ನೋಡಿದೆ. ಆ ಬೋರ್ಡಿನ ಟಿಕೆಟ್ ಕೇಳೋಕೆ ನರ್ಸಕ್ಕ ಬರಬೇಕಾಯ್ತು."

ಅಂದಿನಿಂದ ಅವರು ದಿನಕ್ಕೆ ಎರಡು ಹೊತ್ತು ಬಂದರು. ಮೊದಲ ವಾರ ಸಮುಚ್ಚಯದವರು ದೂರದಿಂದ ನೋಡಿದರು. ಎರಡನೇ ವಾರ ಅಲ್ಲಿನ ಇಬ್ಬರು ಹಿರಿಯರು ಬೆಂಚಿನಲ್ಲಿ ಜಾಗ ಬಿಟ್ಟು ಕೂತರು. ಒಬ್ಬರಿಗೆ ಸೊಂಟದ ಆಪರೇಶನ್ ಆಗಬೇಕಿತ್ತು, ಕಂಡಕ್ಟರಮ್ಮನ ಹತ್ತಿರ ವಿಚಾರಿಸಲು ಪ್ರಶ್ನೆಗಳಿದ್ದವು. ಬೀದಿಯವರು ಪಾಳಿ ಹಾಕಿಕೊಂಡು ಭಾನುವಾರ ಕಸ ಹೆಕ್ಕಿದರು. ಕಾವಲುಗಾರ ತನ್ನ ಅಜ್ಜಿಯನ್ನೂ ಒಂದು ದಿನ ಕರೆದುಕೊಂಡು ಬಂದ.

ಹನ್ನೆರಡನೇ ವಾರದ ತಪಾಸಣೆಯಲ್ಲಿ ಫಿಸಿಯೋ ಡಾಕ್ಟರು ಅಳತೆ ಹಿಡಿದರು. ನೂರ ಹತ್ತು ಡಿಗ್ರಿ. "ಎಲ್ಲಿ ನಡೀತಿದ್ದೀರಿ?" ಎಂದು ಕೇಳಿದರು. ಉತ್ತರ ಕೊಟ್ಟದ್ದು ಮಗ. "ನಮ್ಮ ಕೆರೆ ದಂಡೆ ಮೇಲೆ ಡಾಕ್ಟ್ರೇ," ಎಂದ.

ನಂಬರ್ ಬರೆಯುವ ಕೆಲಸ ಅವನಿಗೆ ವಾಪಸು ಸಿಗಲಿಲ್ಲ. ಆದರೆ ತಾನು ಸುಮ್ಮನೆ ತುಂಬಿಸಿದ್ದ ಸಾಲು ಎಲ್ಲೆಲ್ಲಿದೆಯೋ ನೆನಪು ಮಾಡಿಕೊಂಡು, ಮಾಲೀಕರಿಗೆ ಹೇಳಿ, ಹದಿನಾಲ್ಕು ಕಡೆ ಅಳಿಸಿ ಬಂದ. ಈಗ ಯಾರಾದರೂ ಬಾರದು, ಕೂಡದು ಎಂದು ಬರೆಸಲು ಬಂದರೆ ಆದೇಶದ ನಂಬರ್ ಮತ್ತು ತಾರೀಖು ಕೇಳುತ್ತಾನೆ. ಇದ್ದರೆ ಅದನ್ನೂ ಬರೆಯುತ್ತಾನೆ. ಇಲ್ಲದಿದ್ದರೆ ತಗಡು ತಲೆ ಭಾರವಾಗಿಯೇ ಹೋಗುತ್ತದೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಹತ್ತಿರ ಒಂದು ಕೆರೆ ದಂಡೆ, ಒಂದು ಮೈದಾನ, ಒಂದು ಉದ್ಯಾನ ಇರಬಹುದು. ಅದರ ಗೇಟಿನಿಂದ ನೀವೂ ಒಮ್ಮೆ ವಾಪಸು ಬಂದಿರಬಹುದು. ಮುಂದಿನ ಸಲ ಹಾಗೇ ತಿರುಗಬೇಡಿ. ಯಾರ ಆದೇಶ, ಯಾವ ತಾರೀಖಿನದು, ಪ್ರತಿ ಎಲ್ಲಿದೆ ಎಂದು ಕೇಳಿ. ಬಾಯಲ್ಲಿ ಕೇಳಿದರೆ ಸಾಲದು, ಸ್ಥಳೀಯ ಆಡಳಿತದ ಕಚೇರಿಗೆ ಬರೆದು ಕೇಳಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ನಂಬರ್ ಇಲ್ಲದೆ ಕಿಟಕಿ ಬಿಟ್ಟು ಕದಲಬೇಡಿ. ಉತ್ತರ ತಡವಾದರೆ ಆ ನಂಬರ್ ಹಿಡಿದು ಮತ್ತೆ ಕೇಳಿ. ಉತ್ತರ ಬಂದ ಮೇಲೆ ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಹೋದಲ್ಲಿ ಕಸ ಹಾಕಬೇಡಿ, ಹಾಕುವವರನ್ನು ಬಿಡಲೂ ಬೇಡಿ. ಎಲ್ಲಕ್ಕಿಂತ ಮುಖ್ಯ, ಒಂದು ಸಲ ಹೋಗಿ ಗೆದ್ದೆವೆಂದು ಮನೆಯಲ್ಲಿ ಕೂರಬೇಡಿ. ದಿನವೂ ಹೋಗಿ. ಜನ ಓಡಾಡುವ ಜಾಗಕ್ಕೆ ಬೀಗ ಹಾಕುವುದು ಕಷ್ಟ.

ಕಷ್ಟ ಎಂದರೆ ಯಾರೂ ಪ್ರಯತ್ನಿಸುವುದಿಲ್ಲ ಎಂದಲ್ಲ. ಕಳೆದ ಸೋಮವಾರ ಬೆಳಿಗ್ಗೆ ಐದು ಗಂಟೆ ಐವತ್ತು ನಿಮಿಷಕ್ಕೆ ಕೆರೆ ಉದ್ಯಾನದ ಗೇಟಿಗೆ ಹೊಸ ಬೀಗ ಬಿದ್ದಿತ್ತು. ಔಷಧಿ ಸಿಂಪಡಿಸಬೇಕು, ಹದಿನೈದು ದಿನ ಮುಚ್ಚಿರುತ್ತದೆ ಎಂದು ಸಂಘ ಹೇಳಿತು. ಆರು ಗಂಟೆಯ ಹೊತ್ತಿಗೆ ಗೇಟಿನ ಮುಂದೆ ಅರವತ್ತಮೂರು ಜನ ನಿಂತಿದ್ದರು. ಅವರಲ್ಲಿ ಒಂಬತ್ತು ಮಂದಿ ಸಮುಚ್ಚಯದವರು. ನರ್ಸಕ್ಕ ನಗರಸಭೆಗೆ ಫೋನ್ ಮಾಡಿದರು. ಆರು ಗಂಟೆ ನಲವತ್ತು ನಿಮಿಷಕ್ಕೆ ನಗರಸಭೆಯ ನೌಕರನೊಬ್ಬ ಸೈಕಲ್ಲಿನಲ್ಲಿ ಬಂದು ಬೀಗ ತೆಗೆಸಿದ.